ಗೋಧಿ ಬ್ರೆಡ್ ಹಿಟ್ಟು ನಾದಲು ಬಾಳಿಕೆ ಬರುವ ಸ್ಟ್ಯಾಂಡ್ ಮಿಕ್ಸರ್ ಯಾವುದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಎರಡು ಬ್ರೆಡ್, ಪೂರ್ತಿ ಗೋಧಿ ಹಿಟ್ಟಿನದು, ಮೈದಾ ಬೇಡವೇ ಬೇಡ. ನಾದಿ ನಾದಿ ಮಣಿಕಟ್ಟು ನೋವು ಬಂದಿದೆ. ಬಜೆಟ್ 20 ಸಾವಿರದೊಳಗೆ. 1000 ವ್ಯಾಟ್ ಸಾಕಾ, 1500 ವ್ಯಾಟೇ ಬೇಕಾ ಅಂತ ಕೇಳಿದ್ದೀರಿ.

ಆ ವ್ಯಾಟ್ ಲೆಕ್ಕವನ್ನು ಮೊದಲು ಬಿಟ್ಟುಬಿಡಿ. ಅದನ್ನೇ ನಂಬಿ ನಾನು ಒಂದು ಮೆಷಿನ್ ಹಾಳುಮಾಡಿಕೊಂಡಿದ್ದೇನೆ.

ನಾನು ಉಡುಪಿ ಕಡೆಯವಳು. ಮನೆಯಲ್ಲೇ ಬ್ರೆಡ್ ಮಾಡಲು ಶುರುಮಾಡಿದ ಹೊಸದರಲ್ಲಿ ಆನ್‌ಲೈನಿನಲ್ಲಿ ಒಂದು ಮಿಕ್ಸರ್ ತರಿಸಿದೆ. ಕಂಪನಿ ಹೆಸರು ಬೇಡ. ಪೆಟ್ಟಿಗೆ ಮೇಲೆ 1200 ವ್ಯಾಟ್ ಅಂತ ಇಷ್ಟು ದೊಡ್ಡ ಅಕ್ಷರ. ಕೇಕಿಗೆ, ಕ್ರೀಮಿಗೆ ಚೆನ್ನಾಗಿಯೇ ಇತ್ತು. ಬ್ರೆಡ್ ಹಿಟ್ಟಿಗೆ ಹಾಕಿದರೆ ಮಾತ್ರ ಅದರ ತಲೆ, ಅಂದರೆ ಮೋಟಾರ್ ಇರುವ ಮೇಲಿನ ಭಾಗ, ಕುಣಿಯುತ್ತಿತ್ತು. ಏಳನೇ ತಿಂಗಳಲ್ಲಿ ಒಂದು ದಿನ ಮೋಟಾರ್ ಗುಂಯ್ ಅನ್ನುತ್ತಿದೆ, ಹಿಟ್ಟು ನಾದುವ ಕೊಕ್ಕೆ, ಅದೇ ಹುಕ್, ನಿಂತೇ ಬಿಟ್ಟಿದೆ. ನಮ್ಮ ಪೇಟೆಯ ಮಿಕ್ಸಿ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದೆ. ಬಿಚ್ಚಿ ನೋಡಿದರೆ ಮೋಟಾರಿಗೆ ಏನೂ ಆಗಿಲ್ಲ, ಅದಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಶ್ ಕೂಡ ಅರ್ಧ ಸವೆದಿಲ್ಲ. ಒಳಗಿದ್ದ ಪ್ಲಾಸ್ಟಿಕ್ ಗೇರಿನ ಹಲ್ಲುಗಳು ಮಾತ್ರ ಹಳೇ ಬಾಚಣಿಗೆಯ ಹಾಗೆ ಉದುರಿಹೋಗಿದ್ದವು. ಕಂಪನಿಗೆ ಫೋನ್ ಮಾಡಿದರೆ, ವಾರಂಟಿ ಇರುವುದು ಮೋಟಾರಿಗೆ ಮೇಡಂ, ಗೇರಿಗೆ ಅಲ್ಲ ಅಂದರು. ಗೇರ್ ಬಿಡಿಯಾಗಿ ಸಿಗುವುದೂ ಇಲ್ಲವಂತೆ.

ಆಗ ರಿಪೇರಿಯವನು ಒಂದು ಮಾತು ಕೇಳಿದ. "ಅಕ್ಕ, ನಿಮ್ಮ ಮನೆಯ ಗ್ರೈಂಡರ್ ಎಷ್ಟು ವ್ಯಾಟ್ ಗೊತ್ತುಂಟಾ?" ಮನೆಗೆ ಬಂದು ಬಗ್ಗಿ ನೋಡಿದೆ. 150! ಆ 150 ವ್ಯಾಟಿನದು ಕಲ್ಲು ಹೊತ್ತುಕೊಂಡು ಮುಕ್ಕಾಲು ಗಂಟೆ ಉದ್ದು ಅರೆಯುತ್ತದೆ, ವರ್ಷಾನುಗಟ್ಟಲೆ. 1200 ವ್ಯಾಟಿನದು ಏಳು ತಿಂಗಳಿಗೆ ಮಲಗಿತು.

ಇದಕ್ಕೆ ಕಾರಣ ಸುಲಭ. ವ್ಯಾಟ್ ಅಂದರೆ ಮೆಷಿನ್ ಎಳೆದುಕೊಳ್ಳುವ ಕರೆಂಟಿನ ಲೆಕ್ಕ. ಹುಕ್ಕಿನ ತುದಿಗೆ ಎಷ್ಟು ಬಲ ಬರುತ್ತದೆ ಅನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಹೆಚ್ಚಿನ ಸ್ಟ್ಯಾಂಡ್ ಮಿಕ್ಸರಿನಲ್ಲಿ ಇರುವುದು ನಮ್ಮ ಮಿಕ್ಸಿಯಲ್ಲಿ ಇರುವಂಥದ್ದೇ ಬ್ರಶ್ ಮೋಟಾರ್. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹಿಟ್ಟು ನಾದಲು ಬೇಕಾದ್ದು ನಿಮಿಷಕ್ಕೆ ನೂರರ ಆಸುಪಾಸು ಅಷ್ಟೇ. ಆ ವೇಗವನ್ನು ಇಳಿಸಿ ಬಲವಾಗಿ ಮಾಡುವ ಕೆಲಸ ಪೂರ್ತಿ ಗೇರಿನದು, ಗಟ್ಟಿ ಹಿಟ್ಟು ಎದುರು ನಿಂತಾಗ ಪೆಟ್ಟೆಲ್ಲ ಬೀಳುವುದೂ ಆ ಗೇರಿನ ಹಲ್ಲಿಗೇ. ಹಾಗಾಗಿ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಗೇರ್ ಯಾವುದರದ್ದು, ಹೋದರೆ ಬಿಡಿಯಾಗಿ ಸಿಗುತ್ತದಾ, ವಾರಂಟಿ ಅದಕ್ಕೂ ಸೇರಿದೆಯಾ? ಅಂಗಡಿಯವರು ತಲೆ ಕೆರೆದುಕೊಂಡರೆ ಆ ಮೆಷಿನ್ ಅಲ್ಲೇ ಬಿಡಿ.

ಲೋಹದ್ದಾದರೆ ಮುರಿಯುವುದೇ ಇಲ್ಲ ಅಂತಲೂ ತಿಳಿಯಬೇಡಿ. ಕಿಚನ್‌ಏಡ್ ಅನ್ನುವ ಅಮೆರಿಕದ ಕಂಪನಿಯ ಮಿಕ್ಸರಿನಲ್ಲಿ ಒಂದು ಗೇರ್ ಇರುತ್ತದೆ, ಭಾರ ಮಿತಿ ಮೀರಿದರೆ ಮೋಟಾರ್ ಸುಡುವ ಮೊದಲು ತಾನೇ ಹೋಗಲಿ ಅಂತಲೇ ಅದನ್ನು ಇಟ್ಟಿರುತ್ತಾರೆ. ಮನೆಯ ಫ್ಯೂಸ್ ಇದ್ದ ಹಾಗೆ. ಆದರೆ ಅದು ಬಿಡಿಯಾಗಿ ಸಿಗುತ್ತದೆ, ಕೈ ಓಡುವವರು ಮನೆಯಲ್ಲೇ ಹಾಕಿಕೊಳ್ಳುತ್ತಾರೆ. ಮುರಿದದ್ದನ್ನು ಬದಲಿಸಬಹುದಾದರೆ ನನ್ನ ಲೆಕ್ಕದಲ್ಲಿ ಅದೂ ಬಾಳಿಕೆಯೇ.

ಇನ್ನು ಗೋಧಿ ಹಿಟ್ಟಿನ ವಿಷಯ. ಮೈದಾ ನಾದುವ ಮೆಷಿನ್ ಗೋಧಿ ಹಿಟ್ಟನ್ನೂ ನಾದುತ್ತದೆ ಅಂತ ಗ್ಯಾರಂಟಿ ಇಲ್ಲ. ನಮ್ಮ ಗಿರಣಿ ಹಿಟ್ಟಿನಲ್ಲಿ ಬೂಸಾ ಪೂರ್ತಿ ಇರುತ್ತದೆ. ಅದು ನೀರನ್ನು ನಿಧಾನಕ್ಕೆ ಕುಡಿಯುತ್ತದೆ, ಅದರ ಚೂರುಗಳು ಹಿಟ್ಟಿಗೆ ಎಳೆತ ಕೊಡುವ ಗ್ಲುಟೆನ್ ಎಳೆಯನ್ನು ಅಲ್ಲಲ್ಲಿ ಕತ್ತರಿಸುತ್ತವೆ. ಜೊತೆಗೆ ಕಲ್ಲಿನ ಒತ್ತಡಕ್ಕೆ ಹಿಟ್ಟಿನ ಪಿಷ್ಟದ ಕಣಗಳು ಒಡೆದಿರುತ್ತವೆ, ಅದಕ್ಕೂ ನೀರು ಜಾಸ್ತಿ ಬೇಕು. ಮೈದಾ ಬ್ರೆಡ್ಡಿನ ಅಳತೆಯಲ್ಲೇ ನೀರು ಹಾಕಿದಿರೋ, ಹಿಟ್ಟು ಕಲ್ಲಾಗುತ್ತದೆ, ಮೆಷಿನ್ ನರಳುತ್ತದೆ. ನನ್ನ ಮೊದಲ ಮಿಕ್ಸರ್ ಸತ್ತದ್ದಕ್ಕೆ ಅರ್ಧ ತಪ್ಪು ಕಂಪನಿಯದು, ಅರ್ಧ ನನ್ನದೇ. 500 ಗ್ರಾಂ ಹಿಟ್ಟಿಗೆ 300 ಗ್ರಾಂ ನೀರು ಹಾಕಿ ಹತ್ತು ಹದಿನೈದು ನಿಮಿಷ ಜೋರಾಗಿ ತಿರುಗಿಸುತ್ತಿದ್ದೆ!

ಈಗ ನಾನು ಮಾಡುವುದು ಹೀಗೆ. 500 ಗ್ರಾಂ ಹಿಟ್ಟಿಗೆ 380ರಿಂದ 400 ಗ್ರಾಂ ನೀರು. ಉಪ್ಪು, ಈಸ್ಟ್ ಯಾವುದೂ ಹಾಕದೆ ಚಮಚದಲ್ಲಿ ಸುಮ್ನೆ ಕಲಸಿ, ಒಣ ಹಿಟ್ಟು ಕಾಣದಷ್ಟು ಆದರೆ ಸಾಕು, ಮುಚ್ಚಿ 40 ನಿಮಿಷ ಬಿಡುತ್ತೇನೆ. ಹೋಳಿಗೆ ಕಣಕ ಕಲಸಿ ಮುಚ್ಚಿಟ್ಟರೆ ತಾನಾಗಿಯೇ ಎಳೆದಷ್ಟೂ ಬರುವ ಹಾಗೆ ಆಗುತ್ತದಲ್ವಾ, ಅದೇ ಗುಟ್ಟು. ಬ್ರೆಡ್ ಮಾಡುವವರು ಇದಕ್ಕೆ ಆಟೊಲಿಸ್ ಅನ್ನುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನ ರೇಮೊಂ ಕಾಲ್ವೆಲ್ ಅನ್ನುವವರು ಇದನ್ನು ಬಳಕೆಗೆ ತಂದರು. ನಮ್ಮ ಅಜ್ಜಿಯಂದಿರು ಹೆಸರಿಡದೆ ಮಾಡುತ್ತಿದ್ದರು ಅಷ್ಟೇ. ಆಮೇಲೆ 5 ಗ್ರಾಂ ಒಣ ಈಸ್ಟ್, 10 ಗ್ರಾಂ ಉಪ್ಪು ಹಾಕಿ ಕಡಿಮೆ ವೇಗದಲ್ಲಿ ಆರೇಳು ನಿಮಿಷ. ಮುಗಿಯಿತು. ಮೊದಲು ಹದಿನೈದು ನಿಮಿಷ ಹಿಡಿಯುತ್ತಿದ್ದ ಕೆಲಸ ಇದು. ಮೆಷಿನ್ನಿಗೆ ಬೀಳುವ ಭಾರವೂ ಎಷ್ಟೋ ಕಡಿಮೆ.

ವೇಗ ಹೆಚ್ಚಿಸುವ ಆಸೆ ಬೇಡ. ಕಿಚನ್‌ಏಡ್‌ನವರೇ ಹಿಟ್ಟು ನಾದಲು ಸ್ಪೀಡ್ 2 ದಾಟಬೇಡಿ ಅನ್ನುತ್ತಾರೆ. ಬಿಸಿಯ ಮೇಲೂ ಕಣ್ಣಿಡಿ. ಮೆಷಿನ್ ನಾದುವಾಗ ಹಿಟ್ಟು ಬಿಸಿಯಾಗುತ್ತದೆ, ನಮ್ಮ ಕಡೆಯ ಏಪ್ರಿಲ್ ಸೆಕೆಯಲ್ಲಿ ಕೇಳುವುದೇ ಬೇಡ. ನಾನು ಫ್ರಿಜ್ ನೀರು ಬಳಸುತ್ತೇನೆ.

ಸರಿ, ಯಾವುದು ಕೊಳ್ಳಬೇಕು?

ಮನೆಯಲ್ಲಿ ಟೇಬಲ್ ಟಾಪ್ ಗ್ರೈಂಡರ್ ಇದ್ದರೆ ಮೊದಲು ಅದನ್ನು ನೋಡಿ. ನಗಬೇಡಿ. ಹಲವು ಕಂಪನಿಯವರು ಅದರ ಜೊತೆಗೆ ಚಪಾತಿ ಹಿಟ್ಟು ಕಲಸುವ ಒಂದು ತೋಳು ಕೊಡುತ್ತಾರೆ, ಹೆಚ್ಚಿನ ಮನೆಗಳಲ್ಲಿ ಅದು ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ. ಕಲ್ಲು ತೆಗೆದು ಅದನ್ನು ಸಿಕ್ಕಿಸಿದರೆ ತೋಳು ನಿಂತಿರುತ್ತದೆ, ಪಾತ್ರೆ ತಿರುಗುತ್ತದೆ. ಸ್ವೀಡನ್ನಿನಲ್ಲಿ 1940ರಿಂದ ತಯಾರಾಗುತ್ತಿರುವ ಆಂಕರ್ಸ್ರಮ್ ಅನ್ನುವ ಮಿಕ್ಸರ್ ಇದೆ. ಗಟ್ಟಿ ಹಿಟ್ಟಿಗೆ ಬ್ರೆಡ್ಡಿನವರು ಬಹಳ ಹೊಗಳುತ್ತಾರೆ, ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಅದರಲ್ಲೂ ತಿರುಗುವುದು ಪಾತ್ರೆಯೇ, ಒಳಗೆ ಒಂದು ರೋಲರ್ ಇರುತ್ತದೆ. ನಮ್ಮ ಗ್ರೈಂಡರ್ ಅದರ ಬಡ ನೆಂಟ ಅನ್ನಿ. ನಾನು ಮಾಡಿ ನೋಡಿದ್ದೇನೆ. ಒಂದು ಬ್ರೆಡ್ಡಿಗಾಗುವಷ್ಟು ಹಿಟ್ಟು, ಮೇಲೆ ಹೇಳಿದ ಹಾಗೆ ನೆನೆಸಿಟ್ಟದ್ದು, ಚೆನ್ನಾಗಿ ಬಂತು. ನಡುವೆ ಒಂದೆರಡು ಸಲ ನಿಲ್ಲಿಸಿ ಬದಿಗೆ ಅಂಟಿದ್ದನ್ನು ಕೆರೆಯಬೇಕು. ಎರಡು ಬ್ರೆಡ್ ಒಟ್ಟಿಗೆ ಅಂದರೆ ಅದಕ್ಕೆ ಕಷ್ಟ, ಎರಡು ಸರದಿ ಮಾಡಿ.

ಗ್ರೈಂಡರ್ ಇಲ್ಲ, ಸ್ಟ್ಯಾಂಡ್ ಮಿಕ್ಸರೇ ಬೇಕು ಅಂದರೆ, 20 ಸಾವಿರಕ್ಕೆ ಹೊಸದಾಗಿ ಹಗುರವಾದದ್ದನ್ನು ಕೊಳ್ಳುವುದಕ್ಕಿಂತ ಹಳೆಯದಾದರೂ ಭಾರದ್ದನ್ನು ಹುಡುಕಿ. ಈಗ ನನ್ನ ಹತ್ತಿರ ಇರುವುದು ಕೆನ್‌ವುಡ್ ಶೆಫ್. 1950ರಿಂದ ಬರುತ್ತಿರುವ ಮಾದರಿ, ಬಿಡಿಭಾಗ ಇವತ್ತಿಗೂ ಸಿಗುತ್ತದೆ. ಮಸ್ಕತ್ತಿನಲ್ಲಿದ್ದ ಭಾವ ಊರಿಗೆ ವಾಪಸ್ ಬರುವಾಗ ತಂದದ್ದು. ಗಲ್ಫಿನಿಂದ ಬರುವವರು ಇದ್ದರೆ ಖಂಡಿತ ಕೇಳಿ, ಒಮಾನ್, ದುಬೈಗಳಲ್ಲೆಲ್ಲ ನಮ್ಮ ಹಾಗೇ 220ರಿಂದ 240 ವೋಲ್ಟ್. ಚೌಕ ಪಿನ್ನಿನ ಪ್ಲಗ್ ಬದಲಿಸಿದರೆ ಆಯಿತು.

ಅಮೆರಿಕದಿಂದ ಬರುವ ನೆಂಟರಿಗೆ ಮಾತ್ರ ಹೇಳಬೇಡಿ. ಅಲ್ಲಿಯದು 120 ವೋಲ್ಟ್. ಇಲ್ಲಿ ನೇರ ಸಿಕ್ಕಿಸಿದರೆ ಹೊಗೆ ಬರುತ್ತದೆ. ಇಟ್ಟಿಗೆಗಿಂತ ಭಾರದ ಒಂದು ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲಿ ಇಟ್ಟುಕೊಂಡೇ ಓಡಿಸಬೇಕು. ಕಿಚನ್‌ಏಡ್ ಇಷ್ಟವಾದರೆ ನಮ್ಮ ವೋಲ್ಟೇಜಿನದನ್ನೇ ತೆಗೆದುಕೊಳ್ಳಿ. ನಿಮ್ಮ ಬಜೆಟ್ ಅಂತೂ ದಾಟುತ್ತದೆ. ಗೋಧಿ ಹಿಟ್ಟಿಗಾದರೆ ತಲೆ ಎತ್ತುವ ಮಾದರಿಗಿಂತ ಪಾತ್ರೆಯನ್ನು ಮೇಲಕ್ಕೆ ಎತ್ತುವ ಮಾದರಿಯೇ ವಾಸಿ. ತಲೆ ಎತ್ತುವುದರಲ್ಲಿ ಕೀಲು ಇರುತ್ತದೆ, ಗಟ್ಟಿ ಹಿಟ್ಟು ಅದನ್ನು ಕುಣಿಸುತ್ತದೆ.

ಬೇಕರಿ ಸಾಮಾನಿನ ಅಂಗಡಿಯ ಸಣ್ಣ ಪ್ಲಾನೆಟರಿ ಮಿಕ್ಸರ್, ಅಂದರೆ ಹುಕ್ ತಾನೂ ತಿರುಗುತ್ತಾ ಪಾತ್ರೆಯೊಳಗೆ ಸುತ್ತು ಹಾಕುವಂಥದ್ದು, ಅದೂ ಒಂದು ದಾರಿ. ಚಂದ ಇಲ್ಲ, ಗಲಾಟೆ ಮಾಡುತ್ತದೆ, ಎತ್ತಲು ಇಬ್ಬರು ಬೇಕು. ಆದರೆ ದಿನವಿಡೀ ಓಡಲೆಂದೇ ಮಾಡಿದ್ದು, ರಿಪೇರಿಗೂ ಅವರೇ ಬರುತ್ತಾರೆ. ಅಡುಗೆಮನೆಯಲ್ಲಿ ಜಾಗ ಇದ್ದರೆ ವಿಚಾರಿಸಿ.

ಅಂಗಡಿಗೆ ಹೋದಾಗ ಎತ್ತಿ ನೋಡಿ. ಒಂದೇ ಕೈಯಲ್ಲಿ ಆರಾಮಾಗಿ ಎತ್ತಲು ಬಂದರೆ ಅದು ಕೇಕಿನ ಮೆಷಿನ್. ತಲೆಯನ್ನು ಲಾಕ್ ಮಾಡಿ ಅಲ್ಲಾಡಿಸಿ, ಖಾಲಿ ಇದ್ದಾಗಲೇ ಲೊಡಲೊಡ ಅಂದರೆ ಹಿಟ್ಟು ಬಿದ್ದ ಮೇಲೆ ಏನು ಗತಿ? ಅಡಿಯ ಚೀಟಿಯಲ್ಲಿ ಕೆಬಿ ಅಂತ ಬರೆದು ಮುಂದೆ ನಿಮಿಷ ಹಾಕಿರುತ್ತಾರೆ ಕೆಲವದರಲ್ಲಿ, ಅಂದರೆ ಒಂದೇ ಸಮ ಅಷ್ಟು ನಿಮಿಷ ಮಾತ್ರ ಓಡಿಸಬಹುದು ಅಂತ. ಅಲ್ಲಿ 5 ಅಂತ ಇದ್ದರೆ ಮುಂದಕ್ಕೆ ನಡೆಯಿರಿ. ಪುಸ್ತಕದಲ್ಲಿ ಗರಿಷ್ಠ ಹಿಟ್ಟು ಎಷ್ಟು ಅಂತ ನೋಡಿ, ಅದು ಸಾಮಾನ್ಯವಾಗಿ ಮೈದಾ ಲೆಕ್ಕ. ಗೋಧಿಗೆ ಅದರ ಮೂರನೇ ಎರಡು ಭಾಗ ಅಂತ ನಾನು ಇಟ್ಟುಕೊಂಡಿದ್ದೇನೆ. ಎರಡು ಬ್ರೆಡ್ ಅಂದರೆ ಒಂದು ಕಿಲೋ ಹಿಟ್ಟು, ನೀರು ಸೇರಿ ಹತ್ತಿರ ಹತ್ತಿರ 1.8 ಕಿಲೋ. ಪಾತ್ರೆ 5 ಲೀಟರಿನದು, ಹಿಡಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಪಾತ್ರೆ ಹಿಡಿಯುತ್ತದೆ, ನಿಜ. ಗೇರ್ ಹಿಡಿಯುತ್ತದಾ ಅಂತ ಕೇಳಿ.

ನಿಮ್ಮ ಮನೆಯಲ್ಲಿ ಗ್ರೈಂಡರ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಈ ಭಾನುವಾರ ಆ ತೋಳನ್ನು ಅಟ್ಟದಿಂದ ಇಳಿಸಿ, ಒಂದು ಬ್ರೆಡ್ಡಿನಷ್ಟು ಹಿಟ್ಟು ನೆನೆಸಿಟ್ಟು ನಾದಿ ನೋಡಿ, ಹೇಗೆ ಬಂತು ಅಂತ ಇಲ್ಲೇ ಬರೆಯಿರಿ. ದುಡ್ಡಿನ ವಿಚಾರ ಆಮೇಲೆ.