ಬಳಸಿದ ಬೇಟೆ ರೈಫಲ್‌ಗೆ ನ್ಯಾಯವಾದ ಬೆಲೆ ಎಷ್ಟೆಂದು ತಿಳಿಯುವುದು ಹೇಗೆ?

ಮಾರುವವರು ಹೇಳುವ ಬೆಲೆಯನ್ನು ನಂಬಬೇಡಿ. ಅದೇ ಮಾಡೆಲ್, ಅದೇ ಕ್ಯಾಲಿಬರ್‌ನ (ನಳಿಗೆ ಮತ್ತು ಗುಂಡಿನ ಅಳತೆ) ರೈಫಲ್‌ಗಳು ಹರಾಜಿನಲ್ಲಿ ನಿಜವಾಗಿ ಎಷ್ಟಕ್ಕೆ ಹೋಗಿವೆ ಎಂಬುದನ್ನೇ ನೋಡಿ.

ಆಮೇಲೆ ನಳಿಗೆ. ಬಂದೂಕು ಖಾಲಿಯಿದೆಯೆಂದು ಖಚಿತಪಡಿಸಿಕೊಂಡು, ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಜಾರು ಭಾಗ) ತೆಗೆದು, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ಒಳಗೆ ನೋಡಿ. ಒಳಗಿನ ಸುರುಳಿ ಗೆರೆಗಳ ಅಂಚು ಚೂಪಾಗಿ ಕಾಣಬೇಕು. ತುಕ್ಕು ತಿಂದ ಗುಳಿಗಳಿದ್ದರೆ, ನಳಿಗೆಯ ಬಾಯಂಚಿಗೆ ಪೆಟ್ಟು ಬಿದ್ದಿದ್ದರೆ, ಗುರಿ ಕೆಟ್ಟಿರುವ ಸಾಧ್ಯತೆ ಇದೆ. ಅಲ್ಲಿ ಚೌಕಾಸಿಗೆ ಹಿಂಜರಿಯಬೇಡಿ. ಮರದ ಮೇಲಿನ ಗೀರು ದೊಡ್ಡ ವಿಷಯವಲ್ಲ. ಹಿಡಿಯ ತೆಳುವಾದ ಭಾಗದಲ್ಲಿ ಬಿರುಕಿದ್ದರೆ ಮಾತ್ರ ಬೇರೆ ಮಾತು.

ಜನ ಹೆಚ್ಚಾಗಿ ಮೋಸಹೋಗುವುದು ಹೊಳಪಿಗೆ. ಲೋಹದ ಮೇಲೆ ಕೊರೆದ ಅಕ್ಷರಗಳ ಅಂಚು ಮೊಂಡಾಗಿದ್ದರೆ, ಉಜ್ಜಿ ಹೊಸ ಬಣ್ಣ ಕೊಟ್ಟಿರುವ ಸಾಧ್ಯತೆ ಹೆಚ್ಚು. ಸಂಗ್ರಾಹಕರಿಗೆ ಮಾಸಿದ್ದರೂ ಮೂಲ ಬಣ್ಣವೇ ಬೇಕು. ತಯಾರಾದ ವರ್ಷವೂ ಬೆಲೆ ಬದಲಿಸುತ್ತದೆ: ಅಮೆರಿಕದ ವಿಂಚೆಸ್ಟರ್ ಕಂಪನಿಯ ಮಾಡೆಲ್ 70 ರೈಫಲ್‌ಗಳಲ್ಲಿ 1964ಕ್ಕೆ ಮುಂಚಿನವಕ್ಕೆ ಬೇಡಿಕೆ ಜಾಸ್ತಿ, ಏಕೆಂದರೆ ಆ ವರ್ಷ ಕಂಪನಿ ಖರ್ಚು ತಗ್ಗಿಸಲು ವಿನ್ಯಾಸವನ್ನೇ ಬದಲಿಸಿತು.

ಸ್ಕೋಪ್ (ಗುರಿ ನೋಡುವ ದುರ್ಬೀನು) ಇದ್ದರೆ ಅದರ ಬೆಲೆಯನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ. ಗುಂಡು ಸುಲಭವಾಗಿ ಸಿಗದ ಕ್ಯಾಲಿಬರ್ ಆದರೆ, ರೈಫಲ್ ಎಷ್ಟೇ ಚೆನ್ನಾಗಿದ್ದರೂ ಬೇಟೆಗೆಂದು ಕೊಳ್ಳುವವರು ಕಡಿಮೆ.