ಸಿನಿಮಾದ ಫಿರಂಗಿ ಗುಂಡು ಮತ್ತು ನಿಜವಾದ ಗುಂಡು

ಫಿರಂಗಿ ಗುಂಡು ಬಿದ್ದ ಕೂಡಲೇ ಸಿನಿಮಾದಲ್ಲಿ ತೋರಿಸುವ ಹಾಗೆ ಢಂ ಅಂತ ಸಿಡಿಯುತ್ತಿತ್ತಾ ಎಂದು ಕೇಳಿದ್ದೀರಿ. ಬಹುಪಾಲು ಇಲ್ಲ. ಹೆಚ್ಚಾಗಿ ಬಳಸಿದ್ದು ಗಟ್ಟಿ ಕಬ್ಬಿಣದ ಉಂಡೆ, ಒಳಗೆ ಮದ್ದೇ ಇರಲಿಲ್ಲ. ನೆಪೋಲಿಯನ್ ಕಾಲದ ಹನ್ನೆರಡು ಪೌಂಡಿನ ಗುಂಡು ಅಂದರೆ ಸುಮಾರು 12 ಸೆಂಟಿಮೀಟರ್ ಅಗಲ, ಅಷ್ಟೇ. ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಎಸೆದ ಹಾಗೆ ಅದು ಗಟ್ಟಿ ನೆಲದ ಮೇಲೆ ಪುಟಿಯುತ್ತಾ ಸಾಲು ಸಾಲು ಸೈನಿಕರನ್ನು ಕೆಡವುತ್ತಿತ್ತು. 1815ರ ವಾಟರ್ಲೂ ಯುದ್ಧದಲ್ಲಿ ಹಿಂದಿನ ರಾತ್ರಿ ಮಳೆ ಸುರಿದು ನೆಲ ಕೆಸರಾಗಿತ್ತು. ಎಷ್ಟೋ ಗುಂಡು ಪುಟಿಯದೆ ಸುಮ್ನೆ ಹೂತುಹೋದವು. ನಿಧಾನವಾಗಿ ಉರುಳಿ ಬರುವ ಗುಂಡೂ ಮೋಸವೇ. ಕಾಲಲ್ಲಿ ತಡೆಯೋಣ ಅಂದರೆ ಕಾಲೇ ಹೋಗುತ್ತಿತ್ತು.

ಸಿಡಿಯುವ ಗುಂಡೂ ಇತ್ತು, ಅದರ ಉಪಾಯ ನನಗೆ ತುಂಬಾ ಇಷ್ಟ. ಟೊಳ್ಳು ಗೋಳ, ಒಳಗೆ ಮದ್ದು, ತೂತಿಗೆ ಮದ್ದು ತುಂಬಿದ ಮರದ ಕೊಳವೆ. ಅದೇ ಬತ್ತಿ. ಅದಕ್ಕೆ ಬೆಂಕಿ ಹಚ್ಚುವವರು ಯಾರು ಅಂತೀರಾ? ಗುಂಡಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ ಅಲ್ವಾ, ಫಿರಂಗಿಯ ಜ್ವಾಲೆ ಅಲ್ಲಿಂದ ನುಗ್ಗಿ ಮುಂದಿರುವ ಬತ್ತಿಯನ್ನು ಹೊತ್ತಿಸುತ್ತಿತ್ತು. ಎಷ್ಟು ದೂರದಲ್ಲಿ ಸಿಡಿಯಬೇಕೋ ಅದಕ್ಕೆ ತಕ್ಕಂತೆ ಕೊಳವೆಯನ್ನು ಮೊದಲೇ ಕತ್ತರಿಸಬೇಕು. ಉದ್ದ ಜಾಸ್ತಿಯಾದರೆ ಗುಂಡು ನೆಲಕ್ಕೆ ಬಿದ್ದು ಬುಸುಗುಡುತ್ತಾ ಕೂರುತ್ತದೆ, ಗಿಡ್ಡವಾದರೆ ದಾರಿಯಲ್ಲೇ ಸಿಡಿಯುತ್ತದೆ. ಅಂದರೆ ತಾಗಿದ್ದಕ್ಕೆ ಸಿಡಿಯುವುದಲ್ಲ, ಹೊತ್ತು ಮುಗಿದಿದ್ದಕ್ಕೆ.

ಶತ್ರು ತೀರಾ ಹತ್ತಿರ ಬಂದರೆ ಇವೆರಡೂ ಬೇಡ. ತಗಡಿನ ಡಬ್ಬಿಯಲ್ಲಿ ಸಣ್ಣ ಗುಂಡು ತುಂಬಿ ಹೊಡೆಯುತ್ತಿದ್ದರು. ಬಾಯಿಂದ ಹೊರಬರುತ್ತಲೇ ಡಬ್ಬಿ ಹರಿದು, ಗುಂಡುಗಳು ರಾಗಿ ಎರಚಿದಂತೆ ಚದುರುತ್ತಿದ್ದವು.