ಪುಟ್ಟ ವಿನ್ಯಾಸ ಸ್ಟುಡಿಯೊ ಮತ್ತು ಮೊದಲ ದಿನದ ಕಾಗದ

ಪ್ರಶ್ನೆ: ನಾವು ಮೂವರು ಗೆಳೆಯರು ಚಿಕ್ಕಮಗಳೂರಿನಲ್ಲಿ ಒಂದು ಸಣ್ಣ ವಿನ್ಯಾಸ ಸ್ಟುಡಿಯೊ ನಡೆಸುತ್ತಿದ್ದೇವೆ. ಕಾಫಿಪುಡಿಯ ಪೊಟ್ಟಣ, ಹೋಂಸ್ಟೇಗಳ ಲೋಗೊ, ನಾಮಫಲಕ, ಆಮಂತ್ರಣ ಪತ್ರಿಕೆ ಹೀಗೆ ಬಂದ ಕೆಲಸವನ್ನೆಲ್ಲ ಒಪ್ಪಿಕೊಳ್ಳುತ್ತೇವೆ. ಗ್ರಾಹಕರು ಹಣದ ಮಾತಿಗೆ ಮೊದಲೇ ನಾಲ್ಕಾರು ಮಾದರಿ ಕೇಳುತ್ತಾರೆ, ತಿದ್ದುಪಡಿಗೆ ಕೊನೆಯಿಲ್ಲ, ಹಣ ತಿಂಗಳುಗಟ್ಟಲೆ ಬರುವುದಿಲ್ಲ. ದೊಡ್ಡ ಸ್ಟುಡಿಯೊಗಳು ತಮ್ಮ ತತ್ವಗಳನ್ನು ಬರೆದಿಟ್ಟುಕೊಂಡಿರುತ್ತವೆ. ನಮಗೂ ಅದು ಬೇಕೇ? ಅದರಲ್ಲಿ ಏನಿರಬೇಕು? (ಓದುಗರು, ಚಿಕ್ಕಮಗಳೂರು)

ಉತ್ತರ: ಖಂಡಿತ ಬೇಕು. ಆದರೆ ‘ಸರಳತೆ, ಪ್ರಾಮಾಣಿಕತೆ, ಸೃಜನಶೀಲತೆ’ ಎಂದು ಬರೆದು ಗೋಡೆಗೆ ತೂಗುಹಾಕಿದರೆ ನಿಮಗಾಗಲಿ ಗ್ರಾಹಕರಿಗಾಗಲಿ ಉಪಯೋಗವಿಲ್ಲ, ಏಕೆಂದರೆ ಆ ಪದಗಳನ್ನು ಬೇಡವೆನ್ನುವ ಸ್ಟುಡಿಯೊ ಎಲ್ಲಿಯೂ ಇಲ್ಲ. ಕೆಲಸ ಒಪ್ಪಿಕೊಳ್ಳುವ ದಿನ ನೀವು ಗ್ರಾಹಕರ ಕೈಗೆ ಕೊಡುವ ಕಾಗದವೇ ನಿಮ್ಮ ತತ್ವಗಳ ನಿಜವಾದ ಪಟ್ಟಿ ಎಂದು ನಾನು ನಂಬಿದ್ದೇನೆ. ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಎಷ್ಟು ಸಲ ತಿದ್ದುತ್ತೇವೆ, ಹಣ ಯಾವಾಗ ಬರಬೇಕು, ಕೊನೆಯಲ್ಲಿ ಕೆಲಸದ ಹಕ್ಕು ಯಾರದು ಎಂಬ ಮಾತುಗಳು ಆ ಕಾಗದದಲ್ಲಿ ಸ್ಪಷ್ಟವಾಗಿದ್ದರೆ ನೀವು ಬರೆದಿರುವ ತೊಂದರೆಗಳಲ್ಲಿ ಹೆಚ್ಚಿನವು ತಲೆಯೆತ್ತುವುದಿಲ್ಲ.

ಎಲ್ಲಕ್ಕೂ ಮೊದಲು ಬರುವುದು ಪ್ರಶ್ನೆ ಕೇಳುವ ಶಿಸ್ತು. ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಭಾರತ ಸರ್ಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ನಮ್ಮ ಮನೆಮನೆಯ ಚೊಂಬನ್ನು ಅತ್ಯುತ್ತಮ ವಿನ್ಯಾಸವೆಂದು ಎತ್ತಿಹಿಡಿದರು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಆರಂಭವಾಗಲು ತಳಹದಿಯಾದದ್ದು ಇದೇ ವರದಿ. ಚೊಂಬಿನ ಅಂದವನ್ನು ಹೊಗಳಿ ಅವರು ಸುಮ್ಮನಾಗಲಿಲ್ಲ. ಎಷ್ಟು ನೀರು ಹಿಡಿಯಬೇಕು, ಹೊರುವವರು ತಲೆಯ ಮೇಲೆ ಹೊರುತ್ತಾರೋ ಸೊಂಟದ ಮೇಲೋ, ತುಂಬಿದಾಗ ಮತ್ತು ಬರಿದಾದಾಗ ತೂಕ ಹೇಗೆ ನಿಲ್ಲುತ್ತದೆ, ಕೈಗೆ ಹೇಗೆ ಹತ್ತುತ್ತದೆ, ಬೆಲೆ ಎಷ್ಟಾಗುತ್ತದೆ ಎಂದು ಪ್ರಶ್ನೆಗಳನ್ನು ಸಾಲಾಗಿ ಇಟ್ಟರು. ಸಣ್ಣ ಸ್ಟುಡಿಯೊಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನಿಮ್ಮ ಮುಂದಿರುವ ಕಾಫಿಪುಡಿಯ ಪೊಟ್ಟಣವನ್ನೇ ತೆಗೆದುಕೊಳ್ಳಿ. ಅದನ್ನು ಕೊಳ್ಳುವವರು ಊರಿನ ಮನೆಯವರೋ, ಮುಳ್ಳಯ್ಯನಗಿರಿ ನೋಡಿ ಮರಳುವ ಪ್ರವಾಸಿಗರೋ? ಪುಡಿಯಲ್ಲಿ ಚಿಕೋರಿ ಇದೆಯೇ? ಹುರಿದ ಕೂಡಲೇ ತುಂಬುವುದಾದರೆ ಒಳಗಿನ ಅನಿಲ ಹೊರಹೋಗಲು ಪೊಟ್ಟಣಕ್ಕೆ ಏಕಮುಖ ಕವಾಟ ಬೇಕಲ್ಲವೇ? ಒಮ್ಮೆಗೆ ಎಷ್ಟು ಪೊಟ್ಟಣ ಮುದ್ರಿಸುತ್ತಾರೆ? ಈ ಕೊನೆಯ ಪ್ರಶ್ನೆಯನ್ನು ಯುವ ವಿನ್ಯಾಸಕರು ಬಹುಮಟ್ಟಿಗೆ ಕೇಳುವುದೇ ಇಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಗ್ರವೂರ್ ವಿಧಾನದಲ್ಲಿ ಮುದ್ರಿಸಲು ಪ್ರತಿ ಬಣ್ಣಕ್ಕೂ ಪ್ರತ್ಯೇಕ ಸಿಲಿಂಡರ್ ಕೆತ್ತಿಸಬೇಕು. ವರ್ಷಕ್ಕೆ ಕೆಲವು ನೂರು ಪೊಟ್ಟಣ ಮಾರುವ ಬೆಳೆಗಾರರಿಗೆ ಏಳು ಬಣ್ಣದ ಚಿತ್ರ ಬರೆದುಕೊಟ್ಟರೆ ಅದು ಎಷ್ಟೇ ಚೆಂದವಿದ್ದರೂ ಅವರ ಮೇಲೆ ಹೊರೆ. ಅಂಥವರಿಗೆ ಸಿದ್ಧ ಪೊಟ್ಟಣವನ್ನು ತರಿಸಿ, ಅದರ ಮೇಲೆ ಒಂದು ಅಥವಾ ಎರಡು ಬಣ್ಣದ ಚೀಟಿ ಅಂಟಿಸುವ ವಿನ್ಯಾಸವೇ ಸರಿ. ಅವರ ಜೇಬನ್ನು ಅರಿತು ತೆಗೆದುಕೊಳ್ಳುವ ಈ ತೀರ್ಮಾನದಲ್ಲಿ ಚಿತ್ರ ಬರೆಯುವಷ್ಟೇ ಸೃಜನಶೀಲತೆ ಇದೆ.

ಇನ್ನು ‘ಏನು ಮಾಡುವುದಿಲ್ಲ’ ಎಂಬ ಮಾತು. ಪೊಟ್ಟಣದ ಮೇಲೆ ಸುಳ್ಳು ಬರೆಯುವುದಿಲ್ಲ ಎಂಬುದನ್ನು ನೇರವಾಗಿ ಬರೆಯಿರಿ. ಚಿಕೋರಿ ಬೆರೆಸಿದ ಕಾಫಿಯಲ್ಲಿ ಕಾಫಿಯ ಪ್ರಮಾಣ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಶೇಕಡಾವಾರು ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು ಎಂಬುದು ಆಹಾರ ಸುರಕ್ಷತೆಯ ನಿಯಮ. ಆ ಸಾಲನ್ನು ಕಣ್ಣಿಗೆ ಬೀಳದ ಮೂಲೆಗೆ ತಳ್ಳಲು ಕೇಳುವವರು ಇರುತ್ತಾರೆ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿಳಾಸ ಮುಂತಾದ ವಿವರಗಳನ್ನು ಕಡ್ಡಾಯ ಮಾಡಿ, ಅಕ್ಷರಗಳ ಕನಿಷ್ಠ ಎತ್ತರವನ್ನೂ ಗೊತ್ತುಪಡಿಸಿವೆ. ಹಾಗಾಗಿ ಈ ಸಾಲುಗಳಿಗೆ ಜಾಗ ಬಿಟ್ಟುಕೊಂಡೇ ವಿನ್ಯಾಸ ಶುರುಮಾಡಬೇಕು. ಎಲ್ಲ ಮುಗಿದ ಮೇಲೆ ತುರುಕಿದರೆ ಪೊಟ್ಟಣವೂ ಕೆಡುತ್ತದೆ, ಕಾನೂನೂ ಮುರಿಯುತ್ತದೆ.

ನಿಮ್ಮ ಜಿಲ್ಲೆಗೇ ಸೇರಿದ ಮಾತೊಂದಿದೆ. ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ 2019ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಅಂದರೆ ಸರಕು ಹುಟ್ಟಿದ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ದೊರೆಯಿತು. ತೋಟ ಗಿರಿಯ ತಪ್ಪಲಿನಲ್ಲಿದೆ ಎಂದಮಾತ್ರಕ್ಕೆ ಆ ಗುರುತನ್ನು ಪೊಟ್ಟಣದ ಮೇಲೆ ಹಾಕುವಂತಿಲ್ಲ. ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ‘ಸಾವಯವ’ ಎಂಬ ಪದಕ್ಕೂ ಪ್ರಮಾಣಪತ್ರದ ಆಧಾರ ಬೇಕು. ದಾಖಲೆ ನೋಡದೆ ಇವನ್ನು ಬರೆದುಕೊಡುವ ಸ್ಟುಡಿಯೊ, ನೆರೆಯ ತೋಟದಲ್ಲಿ ಪ್ರಾಮಾಣಿಕವಾಗಿ ದುಡಿದವರ ಹೆಸರನ್ನು ಅಗ್ಗ ಮಾಡುತ್ತದೆ. ಈ ಒಂದು ವಿಷಯದಲ್ಲಿ ಕೆಲಸ ಕೈತಪ್ಪಿದರೂ ಚಿಂತೆಯಿಲ್ಲ ಎಂದು ನಿಮ್ಮನ್ನು ಒತ್ತಾಯಪೂರ್ವಕ ಕೇಳಿಕೊಳ್ಳುತ್ತೇನೆ.

ಉಚಿತ ಮಾದರಿಗಳ ಬಗ್ಗೆ ನನ್ನ ಉತ್ತರ ಚಿಕ್ಕದು: ಕೊಡಬೇಡಿ. ಎಲ್ಲರೂ ಪರಿಚಿತರೇ ಆಗಿರುವ ಊರಿನಲ್ಲಿ ಇಲ್ಲವೆನ್ನುವುದು ಕಷ್ಟವೆಂದು ಬಲ್ಲೆ. ಅದರ ಬದಲು ಹಿಂದೆ ಮಾಡಿದ ಕೆಲಸ ತೋರಿಸಿ, ಮುಂಗಡ ಪಡೆದ ಮೇಲೆ ಚೆನ್ನಾಗಿ ಯೋಚಿಸಿದ ಒಂದು ಅಥವಾ ಎರಡು ದಾರಿಗಳನ್ನು ಕಾರಣಸಹಿತ ಮುಂದಿಡಿ. ಆರು ಮಾದರಿ ಕೊಟ್ಟರೆ ಗ್ರಾಹಕರು ಒಂದರ ಬಣ್ಣ, ಇನ್ನೊಂದರ ಅಕ್ಷರ ಆಯ್ದು ಬೆರೆಸಿ ಎನ್ನುತ್ತಾರೆ, ಆಗ ತೀರ್ಮಾನದ ಹೊಣೆ ಯಾರ ಮೇಲೂ ಉಳಿಯುವುದಿಲ್ಲ. ತಿದ್ದುಪಡಿ ಎರಡು ಸುತ್ತು, ಮೂರನೆಯದರಿಂದ ಪ್ರತ್ಯೇಕ ದರ ಎಂದು ಮೊದಲೇ ಹೇಳಿದರೆ ಗ್ರಾಹಕರೂ ಮನೆಯವರ ಅಭಿಪ್ರಾಯಗಳನ್ನೆಲ್ಲ ಒಟ್ಟುಗೂಡಿಸಿ ಒಮ್ಮೆಗೇ ತಿಳಿಸುತ್ತಾರೆ.

ಹಣದ ವಿಚಾರದಲ್ಲಿ ಮಲೆನಾಡಿನ ವರ್ಷಚಕ್ರವನ್ನು ಗಮನಿಸಿ. ಅರೇಬಿಕಾ ಕೊಯ್ಲು ಸಾಮಾನ್ಯವಾಗಿ ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಅದರ ನಂತರ. ಮಳೆಗಾಲದಲ್ಲಿ ಬೆಳೆಗಾರರ ಕೈ ಬಿಗಿ ಇರುವುದು ಸಹಜ. ಆದ್ದರಿಂದ ಕೆಲಸವನ್ನೇ ಹಂತಗಳಾಗಿ ಒಡೆದು, ಪ್ರತಿ ಹಂತ ಮುಗಿದಾಗ ಅದರ ಪಾಲಿನ ಹಣ ಪಡೆಯುವುದು ಇಬ್ಬರಿಗೂ ಅನುಕೂಲ. ಇದರ ಜೊತೆಗೆ ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ನೋಂದಣಿ) ತಪ್ಪದೆ ಮಾಡಿಸಿ, ಅದೂ ಕೆಲಸ ಒಪ್ಪಿಕೊಳ್ಳುವ ಮೊದಲೇ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೂ 45 ದಿನಗಳಾಚೆಗೆ ತಳ್ಳುವಂತಿಲ್ಲ; ಒಪ್ಪಂದವಿಲ್ಲದಿದ್ದರೆ ಗಡುವು 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕು ನಿಮಗಿದೆ. ಪರಿಚಿತರ ಮೇಲೆ ಇದನ್ನು ಬಳಸುವ ಪ್ರಸಂಗ ಬಾರದಿರಲಿ, ಆದರೆ ಗಡುವು ಬಿಲ್ಲಿನ ಮೇಲೆ ಅಚ್ಚಾಗಿರಲಿ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮದೊಂದು ಹೋಂಸ್ಟೇ ಇದೆ. ಹಣ ಕೊಟ್ಟು ಲೋಗೊ ಮಾಡಿಸಿದ್ದೇವೆ. ಈಗ ಮೂಲ ಕಡತ ಕೇಳಿದರೆ ವಿನ್ಯಾಸಕರು ಅದರ ಹಕ್ಕು ತಮ್ಮದೆನ್ನುತ್ತಾರೆ. ಇದು ನ್ಯಾಯವೇ? (ಓದುಗರು, ಹಾಸನ ಜಿಲ್ಲೆ)

ಉತ್ತರ: ಕಾನೂನು ಅವರ ಕಡೆಗೆ ವಾಲಿರುವ ಸಾಧ್ಯತೆಯೇ ಹೆಚ್ಚು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ರಚಿಸಿದವರೇ ಮೊದಲ ಹಕ್ಕುದಾರರು ಎಂಬುದು ಸಾಮಾನ್ಯ ನಿಯಮ. ಸಂಬಳದ ನೌಕರರು ಕೆಲಸದ ಭಾಗವಾಗಿ ರಚಿಸಿದ್ದು ಮಾಲೀಕರದ್ದಾಗುತ್ತದೆ. ಹಣ ಕೊಟ್ಟು ತೆಗೆಸಿದ ಛಾಯಾಚಿತ್ರ, ಬರೆಸಿದ ಭಾವಚಿತ್ರ ಮುಂತಾದ ಕೆಲವಕ್ಕೂ ವಿನಾಯಿತಿ ಇದೆ. ಆದರೆ ಆ ವಿನಾಯಿತಿಯ ಪಟ್ಟಿಯಲ್ಲಿ ಲೋಗೊ ಹೆಸರಿಸಲ್ಪಟ್ಟಿಲ್ಲ. ಹಕ್ಕನ್ನು ವರ್ಗಾಯಿಸಲು ಸಹಿ ಹಾಕಿದ ಬರಹ ಬೇಕು, ಮತ್ತು ಅದರಲ್ಲಿ ಅವಧಿ ನಮೂದಿಸದಿದ್ದರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯ್ದೆ ಹೇಳುತ್ತದೆ. ಈ ಕಲಮನ್ನು ತಿಳಿಯದೆ ಬರೆದ ಒಪ್ಪಂದಗಳು ಆರನೆಯ ವರ್ಷ ತಕರಾರಿಗೆ ಬರುತ್ತವೆ.

ಹೀಗಿದ್ದೂ, ಪೂರ್ತಿ ಹಣ ಸಂದ ಮೇಲೆ ಲೋಗೊದ ಹಕ್ಕನ್ನೂ ಮೂಲ ಕಡತವನ್ನೂ ಗ್ರಾಹಕರಿಗೆ ಒಪ್ಪಿಸುವುದೇ ಸಣ್ಣ ಸ್ಟುಡಿಯೊಗೆ ತಕ್ಕ ನಡತೆ ಎಂಬುದು ನನ್ನ ದೃಢ ಅಭಿಪ್ರಾಯ. ಲೋಗೊ ಎಂಬುದು ನಿಮ್ಮ ವ್ಯವಹಾರದ ಮುಖ, ಅದನ್ನು ಬೇರೆಯವರ ಒತ್ತೆಯಲ್ಲಿ ಇಡಲಾಗದು. ವಿನ್ಯಾಸಕರೊಂದಿಗೆ ಕುಳಿತು, ಬೇಕಾದರೆ ನ್ಯಾಯಯುತ ಹೆಚ್ಚುವರಿ ಶುಲ್ಕ ಕೊಟ್ಟು, ಅವಧಿ ಮತ್ತು ಪ್ರದೇಶ ನಮೂದಿಸಿದ ವರ್ಗಾವಣೆ ಪತ್ರ ಮಾಡಿಸಿಕೊಳ್ಳಿ. ನಂತರ ನಿಮ್ಮ ಹೆಸರಿನಲ್ಲೇ 1999ರ ಕಾಯ್ದೆಯಡಿ ವ್ಯಾಪಾರ ಚಿಹ್ನೆಯ ನೋಂದಣಿಗೆ ಅರ್ಜಿ ಹಾಕಿ. ನೋಂದಣಿ 10 ವರ್ಷಕ್ಕೆ ಸಿಗುತ್ತದೆ, ಮತ್ತೆ ಮತ್ತೆ ನವೀಕರಿಸಬಹುದು.

ಆದರೆ ರಚಿಸಿದವರ ಹೆಸರನ್ನು ಅಳಿಸಬೇಡಿ. ಹಕ್ಕು ಮಾರಿದ ಮೇಲೂ ‘ಇದು ನನ್ನ ರಚನೆ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮು ಅವರಲ್ಲೇ ಉಳಿಸಿದೆ. ನಿಮ್ಮ ಜಿಲ್ಲೆಗೆ ಇದು ಹೊಸದಲ್ಲ. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯದ ಶಿಲ್ಪಗಳ ಮೇಲೆ ಬೈಚೋಜ ಮತ್ತು ಮಲ್ಲಿತಮ್ಮ ತಮ್ಮ ಹೆಸರು ಕೆತ್ತಿದ್ದಾರೆ. ಕಟ್ಟಿಸಿದ ಬೊಮ್ಮಣ್ಣ ದಂಡನಾಯಕನ ಹಿರಿಮೆ ಅದರಿಂದ ಕಡಿಮೆಯಾಗಿಲ್ಲ. ಸ್ಟುಡಿಯೊ ತನ್ನ ಕೆಲಸಗಳ ಸಂಗ್ರಹದಲ್ಲಿ ನಿಮ್ಮ ಲೋಗೊ ತೋರಿಸಲು ಅನುಮತಿಯ ಸಾಲನ್ನು ಪತ್ರದಲ್ಲೇ ಸೇರಿಸಿ.

ಪ್ರಶ್ನೆ: ಕಂಪ್ಯೂಟರಿನಲ್ಲಿ ಸರಿಯಿದ್ದ ಕನ್ನಡ ಅಕ್ಷರಗಳು ಮುದ್ರಣಾಲಯಕ್ಕೆ ಹೋದಾಗ ಒಡೆಯುತ್ತವೆ. ಏನು ಮಾಡಬೇಕು? (ಓದುಗರು, ಹಾಸನ)

ಉತ್ತರ: ಹಳೆಯ ನುಡಿ ಮತ್ತು ಇತರ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಕನ್ನಡದ ಚೂರುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಕಾಣುವುದು ಅದಕ್ಕೇ. ಬರಹವನ್ನೆಲ್ಲ ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಜಾಗತಿಕ ವ್ಯವಸ್ಥೆಗೆ, ಪರಿವರ್ತಿಸಿ. ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳಲು ವರ್ಲ್ಡ್ ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆಯ್ದುಕೊಂಡಿರಬೇಕು. ಅಂತಿಮ ಕರಡು ಒಪ್ಪಿಗೆಯಾದ ಮೇಲೆ ಅಕ್ಷರಗಳನ್ನು ರೇಖಾಕೃತಿಗಳಾಗಿ ಬದಲಿಸಿ ಕಳಿಸಿ, ತಿದ್ದಬಹುದಾದ ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ. ಅನೇಕ್ ಕನ್ನಡ, ಬಲೂ ತಮ್ಮ, ನೋಟೊ ಸಾನ್ಸ್ ಕನ್ನಡ ಮುಂತಾದ ಫಾಂಟ್‌ಗಳು ಮುಕ್ತ ಪರವಾನಗಿಯವು, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ನಾಮಫಲಕವಾದರೆ ಶೇ 60ರಷ್ಟು ಜಾಗ ಕನ್ನಡಕ್ಕಿರಬೇಕು ಎಂದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಹೇಳುತ್ತದೆ. ಆದ್ದರಿಂದ ಮೊದಲು ಕನ್ನಡವನ್ನೇ ಬರೆದು, ಒತ್ತಕ್ಷರ ಮತ್ತು ಗುಣಿತಗಳಿಗೆ ಬೇಕಾದ ಸಾಲಿನ ಅಂತರ ನೋಡಿಕೊಂಡು, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ.